ಹದಿನೈದು ಮೀಟರ್ ಇಳಿತ

ತೆಗಿದ್ ಬೆವನ್ ಕಾರಿನ ಡಿಕ್ಕಿಯ ಅಂಚಿಗೆ ಕೂತು ಬೂಟಿನ ದಾರ ಬಿಗಿಯುತ್ತಿದ್ದುದನ್ನು ಇದ್ವಲ್ ಪ್ರಾಸರ್ ನೋಡುತ್ತ ನಿಂತಿದ್ದ. ಪ್ರತಿ ತೂತಿನ ಹತ್ತಿರವೂ ತಡೆದು, ದಾರವನ್ನು ಎಳೆದು, ಸಡಿಲವಿದೆಯೇ ಎಂದು ಮುಟ್ಟಿ ನೋಡಿ ಮುಂದಕ್ಕೆ ಹೋಗುವ ಆ ಬೆರಳುಗಳು ಇನ್ನು ಸ್ವಲ್ಪ ಹೊತ್ತಿಗೆ ತನ್ನ ಗುಡ್ಡದ ಮೇಲೂ ಹೀಗೆಯೇ ಓಡಾಡುತ್ತವೆ ಅನ್ನಿಸಿ ಅವನು ಬೇರೆ ಕಡೆ ನೋಡಿದ. ತನ್ನ ಗುಡ್ಡ. ಹಾಗೆಂದು ಮನಸ್ಸಿನಲ್ಲಾದರೂ ಅಂದುಕೊಳ್ಳುವ ಹಕ್ಕು ಅವನಿಗೆ ಬಂದದ್ದು ಈ ಬೇಸಿಗೆಯ ಕೊನೆಯಲ್ಲಿ. ಕಳೆದ ವಾರದಿಂದ ಆ ಹಕ್ಕೂ ಇರಲಿಲ್ಲ. ಅದು ಇಲ್ಲವೆಂಬುದು ಅವನೊಬ್ಬನಿಗೇ ಗೊತ್ತಿತ್ತು.

"ಏನೋ, ರಾತ್ರಿ ನಿದ್ದೆ ಬರ್ಲಿಲ್ವಾ? ಮುಖ ಬೇಯಿಸಿದ ಈರುಳ್ಳಿ ಸೊಪ್ಪಿನ ಥರ ಆಗಿದೆ," ಎಂದ ತೆಗಿದ್, ತಲೆಯೆತ್ತದೆ.

"ಎಲಿನೆಡ್ ಗೊರಕೆ ಹೊಡೀತಿದ್ಲು."

"ಅದನ್ನ ನಿನ್ನ ಹೆಂಡ್ತಿ ಎದುರಿಗೇ ಹೇಳು. ಆಮೇಲೆ ನಿನ್ನನ್ನೇ ಅಳೆದು ಶವದ ಪೆಟ್ಟಿಗೆ ಮಾಡಿಸ್ಬೇಕಾಗುತ್ತೆ."

ಗೇಟು ದಾಟಿ ಕುರಿಗಳ ಹಾದಿ ಹಿಡಿದ ಮೇಲೆ ತೆಗಿದ್ ಮುಂದೆ, ಇದ್ವಲ್ ಹಿಂದೆ. ಇಪ್ಪತ್ತು ವರ್ಷದಿಂದ ಇದೇ ಕ್ರಮ. ಉಪಗ್ರಹಗಳ ಸಂಕೇತ ಹಿಡಿದು ಎತ್ತರ ಹೇಳುವ ಯಂತ್ರ ತೆಗಿದ್‌ನ ಚೀಲದಲ್ಲಿ. ಅದನ್ನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು ಇದ್ವಲ್‌ನ ಹೆಗಲ ಮೇಲೆ. ವೇಲ್ಸಿನ ಗುಡ್ಡಗಳನ್ನು ಅಳೆದು ಪಟ್ಟಿ ಮಾಡುವ ಅವರ ಗುಂಪಿನಲ್ಲಿದ್ದವರು ಒಂದು ಊಟದ ಮೇಜಿನ ಸುತ್ತ ಕೂರುವಷ್ಟು ಜನ. ಆದರೆ ಆ ಪಟ್ಟಿಯನ್ನು ನಂಬಿ, ಅದರಲ್ಲಿರುವುದನ್ನೆಲ್ಲ ಒಂದೊಂದಾಗಿ ಹತ್ತಿ ಮುಗಿಸಬೇಕೆಂದು ಹಟ ತೊಟ್ಟವರು ದೇಶದ ತುಂಬ ಇದ್ದರು. ಬರೀ ಎತ್ತರದಿಂದ ಗುಡ್ಡ ಗುಡ್ಡವಾಗುವುದಿಲ್ಲ. ತುದಿಯಿಂದ ಇಳಿದು, ಪಕ್ಕದ ದೊಡ್ಡ ಗುಡ್ಡಕ್ಕೆ ಏರುವ ಮೊದಲು ಸಿಗುವ ತಗ್ಗಿಗೆ, ಇಲ್ಲಿಯವರು ಬುಲ್ಖ್ ಎನ್ನುವ ಆ ಜಾಗಕ್ಕೆ, ಎಷ್ಟು ಇಳಿಯಬೇಕು ಎಂಬುದು ಮುಖ್ಯ. ಇಳಿತ ಹದಿನೈದು ಮೀಟರ್ ಇದ್ದರೆ ಗುಡ್ಡ, ಪಟ್ಟಿಗೆ ಸೇರುತ್ತದೆ. ಒಂದು ಗೇಣು ಕಮ್ಮಿಯಾದರೂ ಅದು ಪಕ್ಕದ ಗುಡ್ಡದ ಭುಜ. ಹೆಸರಿದ್ದರೂ ಇಲ್ಲದ ಹಾಗೆ. ತೆಗಿದ್ ಅಳೆದ ಗುಡ್ಡಗಳ ವರದಿಗಳಲ್ಲೆಲ್ಲ ಕೊನೆಯ ಸಾಲು 'ಜೊತೆಯಲ್ಲಿದ್ದವರು: ಇ. ಪ್ರಾಸರ್' ಎಂದಿರುತ್ತಿತ್ತು. ಒಮ್ಮೆ ಮಾತ್ರ, ಬೇರೆ ಯಾರೋ ಬರೆದು ಕಳಿಸಿದ್ದರಲ್ಲಿ, 'ಮತ್ತು ಒಬ್ಬ ಗೆಳೆಯ' ಎಂದಿತ್ತು. ಅದನ್ನು ತಿದ್ದಿಸಬೇಕೆಂದು ಇದ್ವಲ್ ಎರಡು ಸಲ ಫೋನಿನ ಹತ್ತಿರ ಹೋಗಿ, ಇಷ್ಟಕ್ಕೆಲ್ಲ ಫೋನು ಮಾಡುವವನು ಎಂಥ ಮನುಷ್ಯ ಎಂದು ಕೇಳಿಕೊಂಡು ವಾಪಸ್ಸು ಬಂದಿದ್ದ.

ಜೊಂಡುಹುಲ್ಲು ಒಣಗಿ ಇಡೀ ಇಳಿಜಾರು ಮಾಸಿದ ಕಂಬಳಿಯ ಬಣ್ಣಕ್ಕೆ ತಿರುಗಿತ್ತು. ಬಾಲಾ ಸರೋವರದ ಕಡೆಯಿಂದ ಗಾಳಿ ಬರುತ್ತಿತ್ತು. ಆವತ್ತೂ ಇದೇ ಗಾಳಿ, ಇದಕ್ಕಿಂತ ಜೋರು. ಆಗಸ್ಟಿನಲ್ಲಿ ತೆಗಿದ್ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿ ಕೂತಿದ್ದಾಗ ಯಂತ್ರವನ್ನು ಕೇಳಿ ಪಡೆದು ಇದ್ವಲ್ ಒಬ್ಬನೇ ಇಲ್ಲಿಗೆ ಬಂದಿದ್ದ. ಮೊಯಿಲ್ ಹೆಸ್ಗಾಗ್, ಜೊಂಡು ಬೆಳೆದ ಬೋಳುಗುಡ್ಡ. ಹಳೆಯ ನಕ್ಷೆಗಳ ಪ್ರಕಾರ ಅದಕ್ಕೆ ಇಳಿತ ಸಾಲದು, ಆದರೆ ಆ ನಕ್ಷೆಗಳನ್ನು ನಂಬುವ ಹಾಗಿರಲಿಲ್ಲ. ಅವನು ಕೌಂಟಿಯ ಗ್ರಂಥಾಲಯದ ವ್ಯಾನ್ ಓಡಿಸುತ್ತಿದ್ದ ಕಾಲದಲ್ಲಿ ವಾರಕ್ಕೊಮ್ಮೆ ಇದರ ಕೆಳಗಿನ ರಸ್ತೆಯಲ್ಲಿ ಹೋಗುತ್ತ, ಇದು ಯಾರ ಭುಜವೂ ಅಲ್ಲ ಎಂದು ಅಂದುಕೊಳ್ಳುತ್ತಿದ್ದ. ಅಳೆದ. ಲೆಕ್ಕ ಹಾಕಿದ. ಹದಿನೈದು ದಾಟಿ ಅರ್ಧ ಮೀಟರಿಗಿಂತ ಹೆಚ್ಚೇ ಬಂತು. ಪ್ರಾರ್ಥನಾಮಂದಿರದ ಹಿಂದಿನ ಕೋಣೆಯಲ್ಲಿ ಗುಂಪಿನ ಸಭೆ ಸೇರಿದಾಗ ತೆಗಿದ್ ಎದ್ದು ನಿಂತು, ಪಟ್ಟಿಗೆ ಹೊಸದೊಂದು ಗುಡ್ಡ ಸೇರಿದೆ, ಅಳೆದವರು ಇದ್ವಲ್ ಪ್ರಾಸರ್ ಎಂದ. ಚಪ್ಪಾಳೆ ಬಿತ್ತು. ಚಹಾದ ಬಟ್ಟಲು ಹಿಡಿದು ನಿಂತಿದ್ದ ಇದ್ವಲ್ ಏನೋ ಹೇಳಲು ಬಾಯಿ ತೆರೆದು ಗಳಗಳ ಅತ್ತುಬಿಟ್ಟ. ಅರವತ್ತೇಳು ವರ್ಷದ ಗಂಡಸು, ಕಣ್ಣಿನಲ್ಲಿ ಮಾತ್ರವಲ್ಲ, ಮೂಗಿನಲ್ಲೂ ಸುರಿಸಿಕೊಂಡು. ಜೇಬಿನಲ್ಲಿ ಕರವಸ್ತ್ರ ಇರಲಿಲ್ಲ. ಕೇಕಿನ ತಟ್ಟೆಯ ಕೆಳಗೆ ಹಾಸಿದ್ದ ಕಾಗದವನ್ನು ಎಳೆದು ತೆಗಿದ್ ಅವನ ಕೈಗೆ ಕೊಟ್ಟ. ಸಕ್ಕರೆ ಪುಡಿ ಅಂಟಿದ್ದ ಅದರಿಂದಲೇ ಇದ್ವಲ್ ಮುಖ ಒರೆಸಿಕೊಂಡ.

ಆವತ್ತು ಸಭೆಗೆ ಜೊತೆಯಲ್ಲಿ ಬಂದಿದ್ದ ಎಲಿನೆಡ್ ಮನೆಗೆ ಹೋಗುವಾಗ ಏನೂ ಆಡಿಕೊಳ್ಳಲಿಲ್ಲ. ಅದೇ ವಿಶೇಷವಾಗಿತ್ತು. ಮದುವೆಯಾದಂದಿನಿಂದ ಅವನ ಗುಡ್ಡಗಳನ್ನು ಬೈಯುತ್ತ ಬಂದವಳು ಅವಳು: ಒದ್ದೆ ಕಾಲುಚೀಲ, ತಪ್ಪಿಹೋದ ಭಾನುವಾರದ ಊಟ, ತೆಗಿದ್‌ನ ಕತ್ತೆ ಎಂಬ ಬಿರುದು. ಮುಂದಿನ ವಾರ ಅವಳೇ ಬೂಟು ಹುಡುಕಿ ತೆಗೆದಳು. ಊದಿಕೊಂಡ ಮೊಣಕಾಲಿಗೆ ಪಟ್ಟಿ ಸುತ್ತಿ, ನೂರು ಕಡೆ ಕೂತು, ಕೊನೆಯ ಏರಿನಲ್ಲಿ ಅವನ ಬೆಲ್ಟು ಹಿಡಿದುಕೊಂಡು ತುದಿಗೆ ಬಂದಳು. ಅಲ್ಲಿದ್ದ ಕಲ್ಲಿನ ಮೇಲೆ ಕೂತು ಉಸಿರು ಸರಿಮಾಡಿಕೊಂಡು, "ಕೊನೆಗೂ ಒಂದು ನಿಂದೇ ಅಂತ ಆಯ್ತಲ್ಲ," ಎಂದಳು. ಆಮೇಲೆ ಗಾಳಿಯ ಕಡೆ ಮುಖ ಮಾಡಿಕೊಂಡು, "ಬೇರೆಯವನ್ನೆಲ್ಲ ಬೈದಿದೀನಿ. ಇದೊಂದನ್ನ ಬೈಯಲ್ಲ." ಇಳಿಯುವಾಗ ಆ ಮೊಣಕಾಲು ಮತ್ತೆ ಹೋಯಿತು. ಈಗಲೂ ಮೆಟ್ಟಿಲು ಹತ್ತುವಾಗ ಕೈ ಊರುತ್ತಾಳೆ, ಆದರೆ ಅಕ್ಕನ ಹತ್ತಿರ ಫೋನಿನಲ್ಲಿ ಮಾತಾಡುವಾಗ 'ನಮ್ಮ ಗುಡ್ಡ' ಎನ್ನುತ್ತಾಳೆ.

ಕಳೆದ ವಾರ ಹಿತ್ತಿಲಲ್ಲಿ ಸ್ಟ್ಯಾಂಡಿನ ಕಾಲುಗಳಿಗೆ ಮೆತ್ತಿದ್ದ ಮಣ್ಣು ತೊಳೆಯುತ್ತಿದ್ದ. ಎರಡು ಕಾಲಿಗೆ ಮಣ್ಣು, ಮೂರನೆಯದಕ್ಕೆ ಇಲ್ಲ. ಯಾಕೆ ಇಲ್ಲ ಎಂದು ಯೋಚಿಸಿದಾಗ ಬುಲ್ಖ್‌ನಲ್ಲಿ ಬೀಸಿದ ಗಾಳಿ ನೆನಪಾಯಿತು. ಮೂರನೆಯ ಕಾಲು ನೆಲಕ್ಕೆ ಊರದೆ ಸ್ಟ್ಯಾಂಡು ವಾಲಿ ವಾಲಿ ಬಿದ್ದದ್ದು, ಕೊನೆಗೆ ಅದರ ಗೊಡವೆಯೇ ಬೇಡವೆಂದು ಯಂತ್ರವನ್ನು ಬಿಚ್ಚಿ ನೇರ ನೆಲದ ಮೇಲಿಟ್ಟು ಸುತ್ತ ಕಲ್ಲು ಒತ್ತಿದ್ದು. ಅದು ತಪ್ಪಲ್ಲ, ಹಾಗೆ ಮಾಡುತ್ತಾರೆ. ತಪ್ಪು ನಡೆದದ್ದು ಅಡುಗೆಮನೆಯ ಮೇಜಿನ ಮುಂದೆ. ತುದಿಯಲ್ಲಿ ಯಂತ್ರ ಸ್ಟ್ಯಾಂಡಿನ ಮೇಲಿತ್ತು, ಸ್ಟ್ಯಾಂಡಿನ ಎತ್ತರವನ್ನು ಕಳೆಯಬೇಕು, ಕಳೆದ. ಬುಲ್ಖ್‌ನಲ್ಲಿ ಕಳೆಯಬಾರದು, ಅಲ್ಲೂ ಕಳೆದ. ಕೈಯ ಅಭ್ಯಾಸ. ಬುಲ್ಖ್ ಇಲ್ಲದ ಆಳಕ್ಕೆ ಇಳಿದು, ಇಳಿತ ಇಲ್ಲದ ಮೀಟರನ್ನು ಗಳಿಸಿತು. ನೀರಿನ ಪೈಪನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ವಲ್ ಮನಸ್ಸಿನಲ್ಲಿ ಲೆಕ್ಕ ಮಾಡಿದ. ಹದಿನಾಲ್ಕೂಕಾಲು. ಭುಜ. ನೀರು ಚಪ್ಪಲಿಯೊಳಗೆ ಹೋಗುತ್ತಿತ್ತು. ಒಳಗಿನಿಂದ ಎಲಿನೆಡ್, "ಗುಡ್ಡ ತೊಳೀತಿದೀಯೋ, ಸ್ಟ್ಯಾಂಡ್ ತೊಳೀತಿದೀಯೋ?" ಎಂದು ಕೂಗಿದಳು. ಅವನು ನಲ್ಲಿ ನಿಲ್ಲಿಸಿದ. ಈಗಲೇ ತೆಗಿದ್‌ಗೆ ಫೋನು ಮಾಡಿಬಿಡಬೇಕು ಅಂದುಕೊಂಡ. ಊಟ ಆದ ಮೇಲೆ ಅಂದುಕೊಂಡ. ಊಟ ಆದ ಮೇಲೆ ತೆಗಿದ್‌ನೇ ಫೋನು ಮಾಡಿದ: ಹೊಸ ಯಂತ್ರ ಬಂದಿದೆ, ನಿಂತ ಜಾಗದಲ್ಲೇ ಎತ್ತರ ಹೇಳುತ್ತದಂತೆ, ನಿನ್ನ ಗುಡ್ಡದ ಮೇಲೇ ಮೊದಲು ಪರೀಕ್ಷೆ ಮಾಡೋಣ. ಅವನಿಗೆ ಅನುಮಾನ ಬಂದಿತ್ತೋ, ಬರೀ ಪ್ರೀತಿಯೋ ತಿಳಿಯದೆ ಇದ್ವಲ್ ಒಂದು ವಾರ ಎರಡನ್ನೂ ನಂಬಿ ಎದ್ದು, ಎರಡನ್ನೂ ನಂಬಿ ಮಲಗಿದ್ದ.

"ಏನು ಹಿಂದೆ ಬಿದ್ದೆ?" ತೆಗಿದ್ ತಿರುಗಿ ನಿಂತಿದ್ದ. "ನಿನ್ನ ಗುಡ್ಡ ಅಂತ ಮೆಲ್ಲಗೆ ತುಳೀತಿದೀಯಾ?"

"ಕಣ್ಣು ಹೇಗಿದೆ ಈಗ?"

"ಬಲಗಣ್ಣು ಹದ್ದು ಕಣೋ. ಇಲ್ಲಿಂದ ಆ ಕುರಿಯ ಕಿವಿ ಗುರುತು ಓದ್ಬಲ್ಲೆ. ಇಷ್ಟು ದಿನ ನಮ್ಮ ಮನೆಯವಳನ್ನ ಸುಂದರಿ ಅಂದ್ಕೊಂಡಿದ್ದೆ, ಅದೊಂದು ನಷ್ಟ."

ಇದ್ವಲ್ ನಕ್ಕ. ನಕ್ಕದ್ದು ತನಗೇ ಕೇಳಿಸಿ ಅಸಹ್ಯವಾಯಿತು. ಈಗ ಹೇಳಬಹುದಿತ್ತು. ಏರಿನಲ್ಲಿ ಇಬ್ಬರೂ ಏದುಸಿರು ಬಿಡುವಾಗ, ಮುಖ ನೋಡದೆ, ಬೆನ್ನಿಗೆ ಹೇಳಬಹುದಿತ್ತು: ತೆಗಿದ್, ನಾನು ಎರಡು ಸಲ ಕಳೆದೆ. ಒಂದೇ ಮಾತು. ಆ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಅವನು ಒಂದು ಕಲ್ಲುಗೋಡೆಯವರೆಗೆ ಹತ್ತಿದ. ಅಲ್ಲಿಂದ ಮುಂದಿನ ತೊರೆಯವರೆಗೆ ಹತ್ತಿದ. ತೆಗಿದ್ ತಪ್ಪಿಗೆ ರೇಗುವವನಲ್ಲ. ರೇಗಿದ್ದರೆ ಸುಲಭವಿತ್ತು. 'ಸರಿ' ಎನ್ನುತ್ತಾನೆ, ತಲೆಯಾಡಿಸುತ್ತಾನೆ, ಮನೆಗೆ ಹೋಗಿ ಹೆಸರು ತೆಗೆಯುತ್ತಾನೆ. ಸ್ವಂತ ಸೋದರಮಾವನ ಹೊಲದ ಹಿಂದಿನ ಗುಡ್ಡವನ್ನು ಹಾಗೆಯೇ ತೆಗೆದಿದ್ದ. ಮಾವ ಹಂದಿಮಾಂಸ, ಆಲೂಗಡ್ಡೆ ಬಡಿಸಿ, ಎಷ್ಟು ಬಂತಪ್ಪ ಎಂದು ಕೇಳಿದ್ದ. ಸಾಲದು ಮಾವ, ಪಟ್ಟಿಯಿಂದ ಹೋಯಿತು ಎಂದ ತೆಗಿದ್. "ಹಂಗಾದ್ರೆ ನನ್ನ ಕುರಿ ಇಷ್ಟು ವರ್ಷ ಮೇಯ್ತಿದ್ದಿದ್ದು ಯಾವುದರ ಮೇಲೆ?" ಎಂದು ಮಾವ ಕೇಳಿದ. "ಪಕ್ಕದ್ದರ ಭುಜದ ಮೇಲೆ," ಎಂದು ತೆಗಿದ್ ಹೇಳಿ ಆಲೂಗಡ್ಡೆಯನ್ನು ಎರಡು ಹೋಳು ಮಾಡಿದ. ಮೇಜಿನ ಮೂಲೆಯಲ್ಲಿ ಕೂತಿದ್ದ ಇದ್ವಲ್‌ಗೆ ಆವತ್ತು ಈ ಮನುಷ್ಯನ ಮೇಲೆ ಉಂಟಾದ ಗೌರವ ಪ್ರೀತಿಗಿಂತ ದೊಡ್ಡದಾಗಿತ್ತು. ಇವನ ಪಟ್ಟಿಯಲ್ಲಿ ಇರುವುದು ಇದೆ, ಇಲ್ಲದ್ದು ಇಲ್ಲ.

ತುದಿಯಲ್ಲಿ ತೊಂದರೆಯಿರಲಿಲ್ಲ. ತೆಗಿದ್ ಕಲ್ಲುಗುಪ್ಪೆಯನ್ನು ಬಿಟ್ಟು, ಮನುಷ್ಯ ಕೂಡಿಟ್ಟದ್ದು ಲೆಕ್ಕಕ್ಕಿಲ್ಲವಾದ್ದರಿಂದ, ಪಕ್ಕದ ಸಹಜ ನೆಲದಲ್ಲಿ ಮೊಣಕಾಲೂರಿ ಎತ್ತರದ ಜಾಗ ಹುಡುಕಿದ. ಇದ್ವಲ್ ಹುಡುಕಿದ್ದ ಜಾಗವೇ. ಯಂತ್ರ ಹಸಿರು ದೀಪ ತೋರಿಸಿ ಅಂಕಿ ಹೇಳಿತು. "ನೀನು ಹೇಳಿದ್ದಕ್ಕೆ ಕೂದಲೆಳೆ ವ್ಯತ್ಯಾಸ ಇಲ್ಲ," ಎಂದು ತೆಗಿದ್ ಅವನ ಬೆನ್ನು ತಟ್ಟಿದ. ಎಲಿನೆಡ್ ಕಟ್ಟಿಕೊಟ್ಟಿದ್ದ ಒಣದ್ರಾಕ್ಷಿಯ ರೊಟ್ಟಿಯನ್ನು, ಬೆಣ್ಣೆ ದಪ್ಪಗೆ ಸವರಿದ್ದನ್ನು, ಇಬ್ಬರೂ ಅಲ್ಲೇ ಕೂತು ತಿಂದರು. ಇದ್ವಲ್‌ಗೆ ಅರ್ಧ ರೊಟ್ಟಿಯೇ ಸಾಕಾಯಿತು. ಎಡಗಡೆ ಕೆಳಗೆ ಬುಲ್ಖ್ ಕಾಣುತ್ತಿತ್ತು. ಎರಡು ಗುಡ್ಡಗಳ ನಡುವೆ ಜೋಲುಬಿದ್ದ ಹಗ್ಗದಂತಹ ತಗ್ಗು, ಜೊಂಡು, ಕಪ್ಪು ನೆಲ. ಆ ಕಪ್ಪನ್ನೇ ನೋಡುತ್ತಿದ್ದಾಗ, ಅಂಥದೊಂದನ್ನು ತಾನು ಯೋಚಿಸಬಲ್ಲೆ ಎಂದು ಅವನಿಗೆ ಗೊತ್ತಿರದ ಯೋಚನೆ ಬಂತು. ಒಲೆಗೆ ಹಾಕಲು ಒಣಗಿಸುವ ಪೀಟ್ ಮಣ್ಣನ್ನು ಹಿಂದಿನವರು ಇಲ್ಲಿಂದಲೇ ಕಡಿದು ಒಯ್ಯುತ್ತಿದ್ದರು. ಬುಲ್ಖ್‌ನ ಅಡ್ಡಕ್ಕೆ ಅವರು ಕಡಿದ ಉದ್ದನೆಯ ಕಂದಕ ಒಂದಿತ್ತು, ಹೆಚ್ಚುಕಡಿಮೆ ಎದೆಮಟ್ಟದ ಆಳ, ಈಗ ಹಾವಸೆ ಬೆಳೆದು ಸಹಜವಾದ ಕಾಲುವೆಯಂತೆ ಕಾಣುತ್ತದೆ. ಆವತ್ತು ಅವನು ಅದನ್ನು ನೋಡಿಯೇ ಅದರ ಪಕ್ಕದ ಗಟ್ಟಿ ನೆಲದಲ್ಲಿ ಯಂತ್ರ ಇಟ್ಟಿದ್ದ. ಕಡಿದ ನೆಲ ಲೆಕ್ಕಕ್ಕಿಲ್ಲ. ಇದು ಅವರ ಗುಂಪಿನಲ್ಲಿ ನಿನ್ನೆ ಸೇರಿದವನಿಗೂ ಗೊತ್ತಿದ್ದ ನಿಯಮ, ಬರೆದವನು ತೆಗಿದ್. ಆದರೆ ಆ ಕಂದಕದ ತಳದಲ್ಲಿ ಸ್ಟ್ಯಾಂಡು ನಿಲ್ಲಿಸಿದರೆ, ಕಳೆದುಹೋದ ಮೀಟರು ಸಿಗುತ್ತದೆ.

ಛೆ, ಎಂದುಕೊಂಡ. ಉಳಿದ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿದ. ಹಾಗೆ ಮಾಡುವುದಿಲ್ಲ, ಎಂದು ಮನಸ್ಸಿನಲ್ಲಿ ಸ್ಪಷ್ಟವಾಗಿ ಹೇಳಿಕೊಂಡ. ಇಳಿಯುವಾಗ ಹೇಳಿಬಿಡುತ್ತೇನೆ.

ಇಳಿಯುವಾಗ ತೆಗಿದ್ ತನ್ನ ಮೂತ್ರದ ತೊಂದರೆಯ ವಿಷಯ ಹೇಳಿದ, ವೈದ್ಯರು ಬೆರಳು ಹಾಕಿ ನೋಡಿದ್ದನ್ನು ಅಭಿನಯಿಸಿ ತೋರಿಸಿದ. ಅಂಥ ಮಾತಿನ ನಡುವೆ ತನ್ನದನ್ನು ಎಲ್ಲಿ ತೂರಿಸುವುದು? ಬುಲ್ಖ್ ಬಂದೇಬಿಟ್ಟಿತು. ಜೊಂಡಿನ ನಡುವೆ ನೀರು ಚಿಲಕ್ ಚಿಲಕ್ ಎನ್ನುತ್ತಿತ್ತು. ತೆಗಿದ್ ನಿಂತು ಸುತ್ತ ನೋಡಿದ. ಆ ನೋಟ ಇದ್ವಲ್‌ಗೆ ಗೊತ್ತಿತ್ತು. ಕುರಿ ಕೊಳ್ಳುವವನು ಮಂದೆಯನ್ನು ನೋಡುವಂಥದು. ಹಾಗೆ ನೋಡಿದ ಮೇಲೆ ಅವನು ಎಂದೂ ಯಾರನ್ನೂ ಕೇಳುತ್ತಿರಲಿಲ್ಲ, ತಾನೇ ನಡೆದು ಹೋಗಿ ಸರಿಯಾದ ಜಾಗದಲ್ಲಿ ನಿಲ್ಲುತ್ತಿದ್ದ. ಈಗ ತಿರುಗಿ, "ಎಲ್ಲಿಟ್ಟಿದ್ದೆ, ತೋರ್ಸು," ಎಂದ.

ಇದ್ವಲ್ ಕೈ ಎತ್ತಿದ. ಗಟ್ಟಿ ನೆಲದ ಕಡೆ ತೋರಿಸಬೇಕೆಂದೇ ಎತ್ತಿದ್ದು. ಒತ್ತಿದ್ದ ಕಲ್ಲುಗಳು ಅಲ್ಲಿ ಇನ್ನೂ ಇದ್ದವು, ಐದೋ ಆರೋ, ಚೆಲ್ಲಾಪಿಲ್ಲಿಯಾಗಿ, ಯಾರದೂ ಅಲ್ಲದ ಹಾಗೆ. ಕೈ ಅವುಗಳನ್ನು ದಾಟಿ ಕಂದಕದ ಮೇಲೆ ನಿಂತಿತು. "ಅಲ್ಲಿ. ಕೆಳಗೆ," ಎಂದ. ಸ್ವರ ಸರಿಯಾಗಿಯೇ ಇತ್ತು. ಇಷ್ಟು ಸುಲಭವೇ ಎಂದು ಒಂದು ಕ್ಷಣ ಅವನಿಗೆ ಆಶ್ಚರ್ಯವಾಯಿತು, ಹಲ್ಲು ಕಿತ್ತ ಮೇಲೆ ನಾಲಿಗೆ ಹೋಗಿ ಖಾಲಿ ಜಾಗವನ್ನು ಮುಟ್ಟುವ ಹಾಗೆ.

ತೆಗಿದ್ ಕಂದಕಕ್ಕೆ ಇಳಿದ. ಇದ್ವಲ್ ಸ್ಟ್ಯಾಂಡು ಇಳಿಸಿಕೊಟ್ಟ. ಕಾಲು ಊರಲು ತೆಗಿದ್ ಬದಿಯ ಹಾವಸೆಯನ್ನು ಒತ್ತಿದಾಗ ಅದು ಹಸಿ ಕಂಬಳಿಯಂತೆ ಪೂರ್ತಿ ಜಾರಿ ಕಳಚಿಕೊಂಡಿತು. ಒಳಗೆ ಕಪ್ಪು ಮಣ್ಣಿನ ಗೋಡೆ, ಗುದ್ದಲಿಯಿಂದ ಇಟ್ಟಿಗೆ ಇಟ್ಟಿಗೆಯಾಗಿ ಕಡಿದ ನೇರ ಅಂಚು, ಮೆಟ್ಟಿಲಿನಂತೆ. ನೀರಾಗಲಿ ಕುರಿಯಾಗಲಿ ಹಾಗೆ ಕಡಿಯುವುದಿಲ್ಲ. ತೆಗಿದ್ ಅದರ ಮೇಲೆ ಕೈ ಇಟ್ಟ. ಅಂಚಿನ ಉದ್ದಕ್ಕೂ ಹೆಬ್ಬೆರಳನ್ನು ಎಳೆದ. ಬಲಗಣ್ಣು ಹದ್ದು. ಅವನ ತಲೆ ನಿಧಾನವಾಗಿ ತಿರುಗಿ, ಕಂದಕದ ಮೇಲಿನ ಗಟ್ಟಿ ನೆಲವನ್ನೂ ಅಲ್ಲಿ ಬಿದ್ದಿದ್ದ ಕಲ್ಲುಗಳನ್ನೂ ನೋಡಿ, ಮತ್ತೆ ಕೆಳಗೆ ಬಂತು. ಇದ್ವಲ್ ಕಾದ. ಈಗ 'ಇದು ಕಡಿದದ್ದು ಕಣೋ' ಎನ್ನುತ್ತಾನೆ, ಅಂದುಬಿಡಲಿ. ಅಂದರೆ ಎಲ್ಲ ಮುಗಿಯುತ್ತದೆ, ಹೌದಾ, ಗಮನಿಸಲಿಲ್ಲ ಎಂದು ಹೇಳಬಹುದು. ಮನೆಗೆ ಹೋಗಿ ಎಲಿನೆಡ್‌ಗೆ, ಹೋಯಿತು ಕಣೇ, ಎನ್ನಬಹುದು. ಜೀವಮಾನದಲ್ಲಿ ಯಾವುದಕ್ಕೂ ಹೀಗೆ ಕಾದಿರಲಿಲ್ಲ.

ತೆಗಿದ್ ಕಳಚಿದ ಹಾವಸೆಯನ್ನು ಎರಡೂ ಕೈಯಿಂದ ಎತ್ತಿ ಗೋಡೆಗೆ ಮತ್ತೆ ಮೆತ್ತಿದ. ಬೀಳದಂತೆ ಅಂಗೈಯಿಂದ ಒತ್ತಿ ಹಿಡಿದ. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕಂದಕದ ತಳದಲ್ಲಿ ಸ್ಟ್ಯಾಂಡು ನಿಲ್ಲಿಸಿ, ಯಂತ್ರ ಕೂರಿಸಿ, ಗುಂಡಿ ಒತ್ತಿದ.

ಯಂತ್ರ ತನ್ನ ಕೆಲಸ ಮಾಡುತ್ತಿರುವಾಗ ಹತ್ತಿರ ಓಡಾಡಬಾರದು. ಇಬ್ಬರೂ ದೂರ ಹೋಗಿ, ಗಾಳಿಗೆ ಬೆನ್ನು ಮಾಡಿ, ಒದ್ದೆ ಹುಲ್ಲಿನ ಮೇಲೆ ಅಕ್ಕಪಕ್ಕ ಕೂತರು. ಎಷ್ಟು ಬುಲ್ಖ್‌ಗಳಲ್ಲಿ ಹೀಗೆ ಕೂತಿದ್ದರು. ಮಾತಿಲ್ಲದೆ ಕೂರುವುದೇ ಅವರ ಸ್ನೇಹದ ಒಳ್ಳೆಯ ಭಾಗವಾಗಿತ್ತು. ಈಗ ಆ ಮೌನದೊಳಗೆ ಏನೋ ಕೂತಿತ್ತು, ಮೂರನೆಯವನ ಹಾಗೆ. ನೋಡಿದ್ದಾನೆ. ನೋಡಿ ಮುಚ್ಚಿದ್ದಾನೆ. ಸೋದರಮಾವನ ಊಟದ ಮೇಜಿನಲ್ಲಿ ಬಗ್ಗದವನು, ಗುಡ್ಡವೊಂದನ್ನು ಪಟ್ಟಿಯಲ್ಲಿ ಉಳಿಸಿ ಎಂದು ಮಂತ್ರಿಯೊಬ್ಬ ಬರೆದ ಕಾಗದಕ್ಕೂ ಬಗ್ಗದವನು, ತನಗಾಗಿ ಕೆಸರಿನಲ್ಲಿ ಮೊಣಕಾಲೂರಿ ಹಾವಸೆ ಮೆತ್ತಿದ್ದಾನೆ. ಇದ್ವಲ್‌ಗೆ ಮೊದಲು ಉಂಟಾದದ್ದು ಬಿಡುಗಡೆ. ಅದು ಒಂದು ಉಸಿರಿನಷ್ಟು ಹೊತ್ತು ಉಳಿಯಿತು. ಆಮೇಲೆ ಕಿವಿಯ ತುದಿಯಿಂದ ಶುರುವಾಗಿ ಕುತ್ತಿಗೆಗೆ, ಎದೆಗೆ ಬಿಸಿ ಇಳಿಯಿತು. ತನ್ನ ಬಗ್ಗೆ ಏನು ಅಂದುಕೊಂಡಿದ್ದರೆ ಈ ಮನುಷ್ಯ ಅಷ್ಟು ಕೆಳಗೆ ಇಳಿದಾನು? ಮಾವ ಗಂಡಸಾಗಿದ್ದ, ಅವನಿಗೆ ಸತ್ಯ ಹೇಳಬಹುದಾಗಿತ್ತು. ತನಗೆ ಹೇಳುವ ಹಾಗಿಲ್ಲ. ತೆಗಿದ್‌ನ ಉಗುರುಗಳ ಸಂದಿಯಲ್ಲಿ ಕಪ್ಪು ಮಣ್ಣು ಇತ್ತು. ಇದ್ವಲ್ ಅದನ್ನು ನೋಡದಿರಲು ಎದುರಿನ ಇಳಿಜಾರಿನಲ್ಲಿದ್ದ ಕುರಿಗಳನ್ನು ನೋಡಿದ, ಅವೂ ಇವನನ್ನೇ ನೋಡುತ್ತಿದ್ದವು.

ಅಂಕಿ ಬಂತು. ತೆಗಿದ್ ತುದಿಯ ಅಂಕಿಯಿಂದ ಅದನ್ನು ಕಳೆದು, ಗಟ್ಟಿಯಾಗಿ ಓದಿದ. ಆಗಸ್ಟಿನ ಇದ್ವಲ್‌ನ ಲೆಕ್ಕಕ್ಕೂ ಇದಕ್ಕೂ ನಾಲ್ಕು ಬೆರಳಿನ ವ್ಯತ್ಯಾಸ. "ಚೆನ್ನಾಗಿ ಅಳೆದಿದೀಯ," ಎಂದ. "ಹಳೇ ಯಂತ್ರದಲ್ಲಿ ಇಷ್ಟು ಹತ್ತಿರ ಬರೋದು ಕಷ್ಟ." ಇದ್ವಲ್‌ನ ಕಣ್ಣು ತಪ್ಪಿಸಿ, ಯಂತ್ರವನ್ನು ಪೆಟ್ಟಿಗೆಗೆ ಹಾಕಿ, ಮುಂದೆ ನಡೆದ.

ಗೇಟಿನ ಹತ್ತಿರ ಇನ್ನೊಂದು ಕಾರು ನಿಂತಿತ್ತು. ಇಬ್ಬರು ಹೆಂಗಸರು, ನಡುವಯಸ್ಸಿನವರು, ಒಬ್ಬಳದು ಕೆಂಪು ಮಳೆಯಂಗಿ, ಇನ್ನೊಬ್ಬಳದು ಹಳದಿ. ಕೆಂಪಂಗಿಯವಳು ನಕ್ಷೆ ಹಿಡಿದು ಇಂಗ್ಲಿಷಿನಲ್ಲಿ ಕೇಳಿದಳು, "ಮೊಯಿಲ್ ಹೆಸ್ಗಾಗ್‌ಗೆ ಇದೇ ದಾರಿನಾ? ಹೆಸರು ನಾನು ಸರಿಯಾಗಿ ಹೇಳಿದೆನೋ ಇಲ್ವೋ."

"ಸರಿಯಾಗೇ ಹೇಳಿದ್ರಿ. ಇದೇ ದಾರಿ," ಎಂದ ತೆಗಿದ್. ಆಮೇಲೆ ಇದ್ವಲ್‌ನ ಕಡೆ ಗಲ್ಲ ಎತ್ತಿ ತೋರಿಸಿದ. "ಅಳೆದವರು ಇವರೇ."

"ನೀವಾ?" ಹಳದಿಯಂಗಿಯವಳು ಕೈಗವಸು ಬಿಚ್ಚಿ ಕೈ ಚಾಚಿದಳು. "ನಾವು ಶ್ರೂಸ್‌ಬರಿಯಿಂದ ಬಂದ್ವಿ. ನಮ್ಮ ಪಟ್ಟಿ ಹೋದ ವರ್ಷ ಮುಗಿದಿತ್ತು, ಕೇಕ್ ಕೂಡ ಕತ್ತರಿಸಿದ್ವಿ. ಈಗ ನೀವು ಒಂದು ಹೆಚ್ಚು ಮಾಡಿ ನಮ್ಮ ಮುಗಿದ ಪಟ್ಟೀನ ಹಾಳು ಮಾಡಿದ್ರಿ, ಗೊತ್ತಾ?"

ಇದ್ವಲ್ ಆ ಕೈಯನ್ನು ನೋಡಿದ. ಬಿಳಿಚಿಕೊಂಡ, ಏನೂ ಅರಿಯದ ಕೈ. "ಅದು ಗುಡ್ಡ ಅಲ್ಲ," ಎಂದ. "ಹತ್ಬೇಡಿ. ವಾಪಸ್ ಹೋಗಿ. ಇಳಿತ ಸಾಲದು. ನಾನು ತಪ್ಪು ಅಳೆದಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಟ್ಟಿಗೆ ನಕ್ಕರು. ಕೆಂಪಂಗಿಯವಳು, "ನಮ್ಮ ಅಪ್ಪನೂ ಹೀಗೇ. ಮೀನು ಸಿಗೋ ಜಾಗ ಯಾರಿಗೂ ಹೇಳ್ತಿರಲಿಲ್ಲ," ಎಂದಳು. "ಹೆದರ್ಬೇಡಿ, ಹತ್ತಿ, ಗುಡ್ಡಾನ ಅಲ್ಲೇ ಬಿಟ್ಟು ಬರ್ತೀವಿ, ಒಯ್ಯಲ್ಲ." ಗೇಟು ತೆಗೆದು, ಹಾಕಿ, ಹೋದರು.

"ಕಾರಲ್ಲಿ ಕೂತ್ಕೋ," ಎಂದ ತೆಗಿದ್.

ಕಾರಿನ ಗಾಜುಗಳಿಗೆ ಆಗಲೇ ಇಬ್ಬರ ಉಸಿರಿನ ಮಂಜು ಕಟ್ಟಿತ್ತು. ಇದ್ವಲ್ ಎದುರಿಗೆ ನೋಡಿಕೊಂಡು ಹೇಳಿದ, ಎಲ್ಲವನ್ನೂ, ಹಿತ್ತಿಲಿನ ನಲ್ಲಿಯಿಂದ ಹಿಡಿದು. ಹೇಳಿದಾಗ ಅದು ಬಹಳ ಚಿಕ್ಕದಾಗಿತ್ತು.

"ಗುದ್ದಲಿ ಗುರುತು ನೀನು ನೋಡಿದೆ," ಎಂದ ಇದ್ವಲ್.

"ನೋಡ್ದೆ."

"ಮತ್ತೆ? ತೆಗೆದುಹಾಕು. ನಾಳೆನೇ ತೆಗೆದುಹಾಕು."

"ಯಾವ ಅಳತೆ ಮೇಲೆ? ಎರಡು ಸಲ ಅಳೆದಿದೆ. ಎರಡೂ ತಾಳೆ ಆಗಿದೆ."

"ನಾನು ಹೇಳ್ತಿದೀನಲ್ಲ."

"ಬಾಯಲ್ಲಿ ಹೇಳಿದ್ದನ್ನ ಪಟ್ಟಿಗೆ ಹಾಕೋಕಾಗಲ್ಲ, ತೆಗೆಯೋಕೂ ಆಗಲ್ಲ."

"ಹಂಗಾದ್ರೆ ಯಂತ್ರ ಕೊಡು. ಈಗಲೇ ಹೋಗಿ ಸರಿಯಾದ ಜಾಗದಲ್ಲಿ ಇಟ್ಟು ಬರ್ತೀನಿ."

ತೆಗಿದ್ ಯಂತ್ರದ ಚೀಲವನ್ನು ತನ್ನ ತೊಡೆಯ ಮೇಲಿಂದ ತೆಗೆದು, ಹಿಂದಿನ ಸೀಟಿನಲ್ಲಿ, ಇದ್ವಲ್‌ನ ಕೈಗೆ ಎಟುಕದ ಮೂಲೆಯಲ್ಲಿ ಇಟ್ಟ. ಆಮೇಲೆ ಸ್ಟಿಯರಿಂಗ್ ಚಕ್ರದ ಮೇಲೆ ಎರಡೂ ಕೈ ಇಟ್ಟ. "ಆವತ್ತು ಸಭೇಲಿ ನಿನ್ನ ಮುಖ ನೋಡಿದ್ದೆ," ಎಂದ. "ನಾನು ಎಷ್ಟೋ ಗುಡ್ಡ ಅಳೆದಿದೀನಿ. ಯಾವುದಕ್ಕೂ ನಂಗೆ ಹಂಗೆ ಅಳು ಬಂದಿಲ್ಲ. ಎಲಿನೆಡ್ ಆ ಕಾಲಲ್ಲಿ ಅಲ್ಲಿಗೆ ಹತ್ತಿದಾಳೆ. ಇರ್ಲಿ ಬಿಡು, ಬಾಖ್. ಒಂದು ಹೆಚ್ಚಿದ್ರೆ ಯಾರಿಗೇನು."

ಬಾಖ್. ಪುಟ್ಟಾ ಎಂದ ಹಾಗೆ; ಮೊಮ್ಮಕ್ಕಳನ್ನು, ಕಾಯಿಲೆಯವರನ್ನು, ಗಂಡ ಸತ್ತ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಇಪ್ಪತ್ತು ವರ್ಷದಲ್ಲಿ ತೆಗಿದ್ ಅವನನ್ನು ಕತ್ತೆ ಎಂದಿದ್ದ, ಮುಠ್ಠಾಳ ಎಂದಿದ್ದ, ಹಿಮದಲ್ಲಿ ಒಮ್ಮೆ ಬೂಟಿನಿಂದ ಒದ್ದೂ ಇದ್ದ, ಬಾಖ್ ಎಂದಿರಲಿಲ್ಲ. ತೆಗಿದ್‌ನ ಕೈ ಬಂದು ಅವನ ಮೊಣಕಾಲನ್ನು ಎರಡು ಸಲ ಮೆಲ್ಲಗೆ ತಟ್ಟಿತು. ಇದ್ವಲ್ ಆ ಕೈಯನ್ನು ಎತ್ತಿ, ಪಾತ್ರೆಯನ್ನು ಇಡುವ ಹಾಗೆ, ಗೇರಿನ ಮೇಲೆ ಇಟ್ಟ. ಬಾಗಿಲು ತೆಗೆದು ಇಳಿದ.

ಗೇಟು ತೆಗೆಯಲು ಪುರುಸೊತ್ತಿಲ್ಲದೆ ಹತ್ತಿ ಹಾರಿದ, ಹಾರುವಾಗ ಪ್ಯಾಂಟು ಹರಿಯಿತು. ಹಿಂದಿನಿಂದ ತೆಗಿದ್ ಹೆಸರು ಹಿಡಿದು ಕೂಗುತ್ತಿದ್ದ. ಹೆಂಗಸರು ತೊರೆ ದಾಟಿ ಎದುರಿನ ಇಳಿಜಾರು ಹಿಡಿದಿದ್ದರು, ಒಣಗಿದ ಜೊಂಡಿನ ನಡುವೆ ಒಂದು ಕೆಂಪು, ಒಂದು ಹಳದಿ. ಅವನು ಓಡಿದ. ಓಡುವುದು ಯಾವ ಕಾಲದಲ್ಲೋ ಬಿಟ್ಟುಹೋಗಿತ್ತು. ಕಾಲುಗಳು ಬೇರೆ ಯಾರದೋ ಹಾಗೆ ಎಲ್ಲೆಲ್ಲಿಗೋ ಬೀಳುತ್ತಿದ್ದವು. ಅವರಿಗೆ ಕಂದಕವನ್ನು ತೋರಿಸಬೇಕು. ಕ್ಷಮೆಯಾಗಲಿ, ಇರಲಿ ಬಿಡು ಎಂಬ ಮಾತಾಗಲಿ ಬೇಕಿರಲಿಲ್ಲ. ಮೆತ್ತಿದ ಹಾವಸೆಯನ್ನು ಮತ್ತೆ ಕಳಚಿ, ಆ ಅಂಚಿನ ಮೇಲೆ ಅವರ ಬೆರಳನ್ನು ಹಿಡಿದು ಎಳೆಯಬೇಕು. ಅಪರಿಚಿತರಾದರೂ ಸರಿ, ಯಾರಾದರೂ ಒಬ್ಬರು ತನ್ನನ್ನು ನೋಡಿ, ಹೌದು, ನೀನು ತಪ್ಪು ಮಾಡಿದ್ದೀಯ, ಎನ್ನಬೇಕು. ತೊರೆಯ ಹತ್ತಿರ ಉಸಿರು ಪೂರ್ತಿ ನಿಂತಿತು. "ನಿಲ್ಲಿ," ಎಂದು ಕೂಗಿದ. ಗಾಳಿ ಎದುರಿನಿಂದ ಬಂದು ಕೂಗನ್ನು ಬಾಯಿಗೇ ತಿರುಗಿ ತುರುಕಿತು. ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ ಅಡ್ಡಡ್ಡ ಬೀಸಿದ: ಬೇಡ, ಬೇಡ, ಬೇಡ.

ಕೆಂಪಂಗಿಯವಳು ತಿರುಗಿ ನೋಡಿದಳು. ಹಳದಿಯಂಗಿಯವಳ ತೋಳು ಹಿಡಿದು ಎಳೆದು ತೋರಿಸಿದಳು. ಇಬ್ಬರೂ ನಿಂತು ಅವನ ಹಾಗೆಯೇ ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ, ಸಂತೋಷದಿಂದ, ಅಡ್ಡಡ್ಡ ಬೀಸಿದರು. ಆಮೇಲೆ ಒಬ್ಬಳು ಜೇಬಿನಿಂದ ಫೋನು ತೆಗೆದು, ಗುಡ್ಡ ಅಳೆದವನ ಫೋಟೋ ಹಿಡಿದಳು.